ಲೆವುಕಾಕ್ಕೆ ಬೇಕಾಗುವ ಸಮಯ

ಸುವಾ
9 ಫೆಬ್ರವರಿ 1982

ಕಳ್ಳ ತೌವು ಕಾಲಿಯೋವಾನಿಗೆ,

ನೀನಿನ್ನೂ ಬದುಕಿದ್ದೀಯ ಎಂದು ತಿಳಿದು ಬೇಸರವಾಯಿತು. ನನ್ನ ಚಿಕ್ಕಪ್ಪನ ಶವಸಂಸ್ಕಾರಕ್ಕೆ ಬಂದು, ಅಳುತ್ತಿದ್ದವರ ನಡುವಿನಿಂದ ಅವನ ಹೊಸ ಛತ್ರಿ ಎತ್ತಿಕೊಂಡು ಹೋದ ಮೇಲೆ ನಿನ್ನ ಸುದ್ದಿಯೇ ಇರಲಿಲ್ಲ. ಬೆನ್ನಿಗೆ ಬೆಟ್ಟ, ಮೂಗಿಗೆ ಸಮುದ್ರ, ಮಲಗಿದರೆ ಕಾಲು ನೀರಿಗೆ ಬೀಳುವ ಊರು ನಿಮ್ಮದು. ಅಲ್ಲಿ ಛತ್ರಿ ಬಿಚ್ಚಲು ಜಾಗವಿದೆಯೆ ಎಂದು ನಮ್ಮ ಮನೆಯಲ್ಲಿ ಈಗಲೂ ಚರ್ಚೆ ನಡೆಯುತ್ತದೆ.

ಈಗ ಕೆಲಸದ ಮಾತು. ನಿಮ್ಮ ಲೆವುಕಾದಿಂದ ರಾಜಧಾನಿ ಎದ್ದು ಸುವಾಕ್ಕೆ ಬಂದು ಈ ವರ್ಷಕ್ಕೆ ನೂರು ತುಂಬುತ್ತದೆ. ಅದಕ್ಕಾಗಿ ನಮ್ಮ ಪ್ರವಾಸೋದ್ಯಮ ಕಚೇರಿಯವರು ಪ್ರವಾಸಿಗಳಿಗೆ ಒಂದು ಕೈಪಿಡಿ ಅಚ್ಚು ಹಾಕಿಸುತ್ತಿದ್ದಾರೆ. ಸುವಾದ ಭಾಗ ನಾನು ಬರೆಯುತ್ತಿದ್ದೇನೆ. ಹಳೆಯ ರಾಜಧಾನಿಯ ಹತ್ತು ಪುಟ ಯಾರಿಂದ ಬರೆಸುವುದು ಎಂದಾಗ ನಿನ್ನ ಹೆಸರು ಹೇಳಿದೆ. ಮಾಸ್ತರಿಕೆ ಬಿಟ್ಟ ಮೇಲೆ ಬಂದವರನ್ನೆಲ್ಲ ಊರು ಸುತ್ತಿಸುವುದೇ ನಿನ್ನ ಕಸುಬು ಎಂದು ಕೇಳಿದ್ದೇನೆ. ಬೇರೆ ಯಾರೂ ಸಿಗಲಿಲ್ಲ ಎಂಬುದೂ ನಿಜ.

ನಮ್ಮ ಸಲಹೆಗಾರರು ಆಸ್ಟ್ರೇಲಿಯಾದಿಂದ ಬಂದ ಲೋರಿಮರ್ ಎಂಬವರು. ಅವರ ನಿಯಮದಂತೆ ಪ್ರತಿಯೊಂದು ಸ್ಥಳದ ಪಕ್ಕದಲ್ಲಿ ಒಂದು ಚೌಕ ಇರುತ್ತದೆ. ಅದರಲ್ಲಿ 'ಬೇಕಾಗುವ ಸಮಯ' ಎಂದು ಬರೆದು, ಇಷ್ಟು ಗಂಟೆ ಎಂದು ಹಾಕಬೇಕು. ಲೆವುಕಾದ ಚೌಕ ನೋಡಿಕೊಂಡೇ ಹಡಗಿನ ಕಂಪನಿಯವರು ಪ್ರವಾಸಿಗಳನ್ನು ಕರೆತಂದು ವಾಪಸು ಒಯ್ಯುವ ಹೊತ್ತನ್ನು ಗೊತ್ತು ಮಾಡುತ್ತಾರೆ.

ಲೋರಿಮರ್ ಈ ಪತ್ರವನ್ನು ಇಲ್ಲಿಯವರೆಗೆ ಓದಿ, ಇದರಿಂದ ಮೊಕದ್ದಮೆ ಆಗುವುದಿಲ್ಲವೆ ಎಂದು ಕೇಳಿದರು. ಕೊರೊ ದ್ವೀಪದ ನಮಗೂ ಒವಲೌ ದ್ವೀಪದ ನಿಮಗೂ ಮೂಲದೇವರು ಒಬ್ಬನೇ, ಅದಕ್ಕೇ ನಾವು ಒಬ್ಬರಿಗೊಬ್ಬರು ತೌವು, ಬೈಯುವುದೂ ಕೇಳದೆ ಎತ್ತಿಕೊಂಡು ಹೋಗುವುದೂ ನಮ್ಮ ಹಕ್ಕು, ಸಿಟ್ಟು ಮಾಡುವ ಹಕ್ಕೊಂದಿಲ್ಲ ಎಂದು ವಿವರಿಸಿದೆ. ಅವರು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ನಂಬಿದಂತೆ ಕಾಣಲಿಲ್ಲ.

ಮಾರ್ಚ್ ಕೊನೆಯೊಳಗೆ ಕಳಿಸು.

ತೊರಿಕಾ


ಲೆವುಕಾ
20 ಫೆಬ್ರವರಿ 1982

ಕೊರೊ ದ್ವೀಪದ ಆಮೆಗೆ,

ನಿಮ್ಮ ದ್ವೀಪದಲ್ಲಿ ದಡದಲ್ಲಿ ನಿಂತು ಹಾಡಿ ಕರೆದರೆ ಆಮೆ ಬರುತ್ತದಂತೆ. ಮನುಷ್ಯರನ್ನು ಕರೆದರೆ ಮಾತ್ರ ಯಾರೂ ಬರುವುದಿಲ್ಲ. ನೀನು ಒಂಬತ್ತನೇ ತಾರೀಕು ಬರೆದದ್ದು ಹದಿನೆಂಟಕ್ಕೆ ಬಂತು. ಅಂಚೆಚೀಟಿಯ ಮೇಲೂ ಆಮೆಯ ಚಿತ್ರವೇ ಇತ್ತು.

ರಾಜಧಾನಿ 'ಎದ್ದು ಬಂತು' ಎಂದು ಬರೆದಿದ್ದೀಯ. ಅದಕ್ಕೆ ಕಾಲಿರಲಿಲ್ಲ. ನಾವು ಅಂಗಳದಲ್ಲಿ ಒಣಹಾಕಿದ್ದನ್ನು ಸುವಾದವರು ಮಡಿಸಿಕೊಂಡು ಹೋದರು. ನೂರು ವರ್ಷದಿಂದ ನಿಮ್ಮ ಮಳೆಯಲ್ಲಿ ಅದು ನೆನೆಯುತ್ತಿದೆ.

ಬರೆಯುತ್ತೇನೆ. ಕೈಪಿಡಿ ಬರೆಯಲು ಬಾರದವಳು ಕೇಳಿದಾಗ ಇಲ್ಲವೆನ್ನುವುದು ಹೇಗೆ? ಆ ಚೌಕದ ಬಗ್ಗೆ ಒಂದು ಸಂಶಯ. ಅದರಲ್ಲಿ ಗಂಟೆಗಳೇ ಇರಬೇಕೆ, ದಿನಗಳೂ ಆಗಬಹುದೆ? ಎರಡು ದಿನ, ಉದಾಹರಣೆಗೆ. ಸುಮ್ಮನೆ ಕೇಳಿದೆ.

ಇಲ್ಲಿ ಎಲ್ಲ ಕ್ಷೇಮ. ಲೌಟೋಕಾದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಗಳು ಕೆಲೆರಾ ಕೆಲಸ ಬಿಟ್ಟು ಬಂದಿದ್ದಾಳೆ. ಬೆಟ್ಟದ ಮೆಟ್ಟಿಲುಗಳ ಬುಡದಲ್ಲಿರುವ ನಮ್ಮ ತಾತನ ಮನೆಯನ್ನು ತಲೆಕೆಳಗು ಮಾಡಿದ್ದಾಳೆ. ಕಳೆದ ವಾರ ದೋಣಿಯಲ್ಲಿ ಎಂಟು ಮಂಚ ಬಂದವು. ಎಲ್ಲಿ ನೋಡಿದರೂ ಬಣ್ಣ. ನಾನು ಕೂರುವ ಕುರ್ಚಿಗೂ ಬಳಿದಿದ್ದಾಳೆ, ಕೂತ ಮೇಲೆ ತಿಳಿಯಿತು. 'ಇನ್ನೊಬ್ಬರ ಹಾಸಿಗೆ ಝಾಡಿಸಿದ್ದು ಸಾಕು ಅಪ್ಪಾ, ನನ್ನದೇ ಹಾಸಿಗೆ ಝಾಡಿಸ್ತೀನಿ' ಅನ್ನುತ್ತಾಳೆ. ಒಟ್ಟಿನಲ್ಲಿ ಅವಳು ಊರಿಗೆ ಬಂದಿದ್ದಾಳೆ. ಅದು ದೊಡ್ಡದು.

ಕಾಲಿಯೋವಾ


ಸುವಾ
3 ಮಾರ್ಚ್ 1982

ತೌವು,

ಎಂಟು ಮಂಚ! ಅಳಿಯ ಯಾವ ಊರಿನವನು, ಅಷ್ಟು ದೊಡ್ಡ ಸಂಸಾರದವನು? ಮದುವೆಯ ದಿನ ತಿಳಿಸು. ಕೇಕು ಹೊತ್ತುಕೊಂಡು ಹೋಗಲು ಇಬ್ಬರು ಗಟ್ಟಿಗರನ್ನು ಕರೆತರುತ್ತೇನೆ.

ಚೌಕದ ವಿಷಯ ಲೋರಿಮರ್ ಅವರನ್ನು ಕೇಳಿದೆ. ಅವರು ಕೈಗಡಿಯಾರ ನೋಡಿಕೊಂಡು ಸುವಾವನ್ನು ಪೂರ್ತಿ ಅಳೆದಿದ್ದಾರೆ. ವಸ್ತುಸಂಗ್ರಹಾಲಯಕ್ಕೆ ಐವತ್ತು ನಿಮಿಷ, ಮಾರುಕಟ್ಟೆಗೆ ಮೂವತ್ತೈದು, ಉದ್ಯಾನಕ್ಕೆ ಒಂದು ಗಂಟೆ. ಉದ್ಯಾನದ್ದರಲ್ಲಿ ಮಳೆಗೆ ಮರದಡಿ ನಿಂತ ಹೊತ್ತೂ ಸೇರಿದೆ. ಲೆವುಕಾಕ್ಕೆ ಅವರು ಬಂದಿಲ್ಲ. ನಕ್ಷೆ ನೋಡಿಯೇ ಲೆಕ್ಕ ಹಾಕಿದರು. ಒಂದೇ ಬೀದಿ, ನಡೆಯಲು ಇಪ್ಪತ್ತೆರಡು ನಿಮಿಷ. ಬಿಸಿಲಿಗೆ ಎಂಟು ನಿಮಿಷ ಸೇರಿಸಿದರು. ಊಟಕ್ಕೆ ಒಂದು ಗಂಟೆ. ಅರ್ಧ ದಿನ ಕೊಟ್ಟರೆ ಅದು ಔದಾರ್ಯ ಎಂದರು. ಎರಡು ದಿನ ಎಂದು ನೀನು ಕೇಳಿದ್ದನ್ನು ನಾನು ಹೇಳಲಿಲ್ಲ, ನಿನ್ನ ಮರ್ಯಾದೆ ಉಳಿಸಿದೆ. ಹಾಗೆ ಉಳಿಸಿದ್ದು ನನ್ನ ತಪ್ಪು, ನಮ್ಮ ಅಜ್ಜಿ ಕೇಳಿದ್ದರೆ ಹೊಡೆಯುತ್ತಿದ್ದಳು.

ತೊರಿಕಾ


ಲೆವುಕಾ
22 ಮಾರ್ಚ್ 1982

ಆಮೆಗೆ,

ಹತ್ತು ಪುಟ ಕೇಳಿದ್ದೆ. ಮೂವತ್ತೊಂದು ಇವೆ. ಚಿಕ್ಕ ಊರಾದರೆ ಹತ್ತೇ ಸಾಕಾಗುತ್ತಿತ್ತು. ನಿನ್ನ ಸಲಹೆಗಾರರು ಬೇಸರಪಡದಂತೆ ಮೊದಲ ಪುಟವನ್ನು ಇಲ್ಲಿಯೂ ಬರೆದಿದ್ದೇನೆ.

'ಹಡಗುಕಟ್ಟೆಯಿಂದ ಇಳಿದು, ಸುಂಕದ ಹಳೆಯ ಮನೆ ಇದ್ದ ಕಡೆಗೆ ತಿರುಗಬೇಕು. ಅಲ್ಲಿಂದ ಪೆಡರ್ಸನ್ನನ ಬೇಕರಿ ಇದ್ದಲ್ಲಿಗೆ ಬಂದು, ಅದರ ಎದುರಿಗೆ ದೊಡ್ಡ ಚಂಡಮಾರುತಕ್ಕೆ ಮೊದಲು ಇದ್ದ ನಾಟಕಶಾಲೆಯನ್ನು ನೋಡಬೇಕು. ಈ ಬೀದಿಯಲ್ಲಿ ಒಂದು ಕಾಲಕ್ಕೆ ಐವತ್ತು ಹೆಂಡದಂಗಡಿಗಳಿದ್ದವು. ತೇಲಿ ಬರುವ ಖಾಲಿ ಸೀಸೆಗಳ ಸಾಲನ್ನು ಹಿಡಿದೇ ಹಡಗುಗಳು ಬಂದರಿನ ಬಾಯಿ ಪತ್ತೆ ಮಾಡುತ್ತಿದ್ದವು ಎನ್ನುತ್ತಾರೆ. ಐವತ್ತನ್ನೂ ಒಂದೊಂದಾಗಿ ನೋಡುವುದು ಒಳ್ಳೆಯದು. ಈಗ ಅವುಗಳಲ್ಲಿ ಒಂದೆರಡು ಉಳಿದಿರಬಹುದು.

'ಚರ್ಚಿನ ಗಡಿಯಾರ ಪ್ರತಿ ಗಂಟೆಯನ್ನೂ ಎರಡು ಸಲ ಹೊಡೆಯುತ್ತದೆ, ನಡುವೆ ಒಂದು ನಿಮಿಷ ಬಿಟ್ಟು. ಮೊದಲ ಸಲ ಎಣಿಸಲು ಮರೆತವರಿಗೆ ಎರಡನೆಯದು.

'ತಂಗಲು: ಮೆಟ್ಟಿಲುಗಳ ಬುಡದಲ್ಲಿ ನೀಲಿ ಬಾಗಿಲಿನ ಮನೆ. ನಾಲ್ಕು ಕೋಣೆ. ಕಿಟಕಿಯಿಂದ ಸಮುದ್ರ ಕಾಣುತ್ತದೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು, ಕೆಸುವಿನ ಗಡ್ಡೆ ಸಿಗುತ್ತದೆ. ಮನೆಯೊಡತಿ ಸುಮ್ಮನೆ ನಗುವವಳಲ್ಲ, ಆದರೆ ಹಾಸಿಗೆ ಶುಚಿ.'

ಬೆಟ್ಟ ಏರುವ ಮೆಟ್ಟಿಲು ನೂರ ತೊಂಬತ್ತೊಂಬತ್ತು. ನಾನು ಹತ್ತಿ ಎಣಿಸಿದ್ದೇನೆ. ಲೋರಿಮರ್ ನಕ್ಷೆಯಲ್ಲಿ ಎಣಿಸಲಿ.

ಕಾಲಿಯೋವಾ


ಸುವಾ
5 ಏಪ್ರಿಲ್ 1982

ತೌವು,

ನಿನ್ನ ಮೂವತ್ತೊಂದು ಪುಟವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಬೆರಳಚ್ಚಿನವಳು ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಲೋರಿಮರ್ ಮೇಲಿನ ಮಹಡಿಯಿಂದ ಇಳಿದು ಬಂದು ತಾವೂ ಓದಿ, ಕೆಂಪು ಪೆನ್ಸಿಲಿನಿಂದ ಪ್ರತಿಯೊಂದು ಹೆಸರಿನ ಕೆಳಗೂ ಗೆರೆ ಎಳೆದರು.

"ಈ ಬೇಕರಿ ಎಲ್ಲಿದೆ?" ಎಂದು ಕೇಳಿದರು.

"ಇಲ್ಲ."

"ನಾಟಕಶಾಲೆ?"

"ಅದೂ ಇಲ್ಲ."

"ಇಲ್ಲದ್ದನ್ನು ಜನ ಯಾಕೆ ನೋಡಬೇಕು?"

ಇದಕ್ಕೆ ಉತ್ತರ ನೀನೇ ಬರೆದು ಕಳಿಸು. ಗಡಿಯಾರ ಎರಡು ಸಲ ಹೊಡೆಯುವುದನ್ನು ಅವರು ಬರವಣಿಗೆಯ ತಪ್ಪೆಂದು ತಿಳಿದು ಒಂದು ಸಲ ಎಂದು ತಿದ್ದಿದ್ದಾರೆ. ಇಲ್ಲದ್ದನ್ನೆಲ್ಲ ತೆಗೆದರೆ ಆರು ಪುಟ ಉಳಿಯುತ್ತದೆ. ಆ ಕರಡನ್ನು ಇದರ ಜೊತೆ ಕಳಿಸಿದ್ದೇನೆ. ನೀಲಿ ಬಾಗಿಲಿನ ಮನೆ ಮಾತ್ರ ನನಗೆ ತುಂಬ ಹಿಡಿಸಿತು. ಗಾಳಿ ಎತ್ತಿಕೊಂಡು ಹೋದ ಮನೆಯ ಹಾಸಿಗೆ ಶುಚಿ ಎಂದು ಬರೆಯಲು ನಿನ್ನಂಥವನೇ ಬೇಕು. ಸತ್ತು ಎಷ್ಟು ವರ್ಷವಾಯಿತು ಆ ನಗದ ಮನೆಯೊಡತಿ?

ತೊರಿಕಾ


ಲೆವುಕಾ
16 ಏಪ್ರಿಲ್ 1982

ಆಮೆಗೆ,

ಲೋರಿಮರ್ ಅವರಿಗೆ ಉತ್ತರ ಹೀಗೆ ಹೇಳು. ಲೆವುಕಾದಲ್ಲಿ ಇರುವುದನ್ನು ನೋಡಲು ಅರ್ಧ ದಿನ ಸಾಕು. ಇಲ್ಲದ್ದನ್ನು ನೋಡಲು ಎರಡು ದಿನ ಬೇಕು. ಇಲ್ಲದ್ದು ತಾನಾಗಿ ಕಾಣುವುದಿಲ್ಲ, ಯಾರಾದರೂ ನಿಂತು ಹೇಳಬೇಕು. ಹೇಳುವವರು ನಡುವೆ ಯಾಂಗೋನಾ ಬೇರಿನ ರಸ ಕುಡಿಯಬೇಕು. ಕೇಳುವವರು ತಮ್ಮ ಊರಿನಲ್ಲಿ ಇಲ್ಲವಾದದ್ದನ್ನು ನೆನೆಸಿಕೊಂಡು ಒಂದಿಷ್ಟು ಹೊತ್ತು ಸುಮ್ಮನಿರಬೇಕು. ಇದನ್ನೆಲ್ಲ ಬಿಸಿಲಿಗೆ ಕೊಟ್ಟ ಎಂಟು ನಿಮಿಷದಲ್ಲಿ ಮುಗಿಸಲಾಗುವುದಿಲ್ಲ.

ನೀನು ಕಳಿಸಿದ ಕರಡಿನಲ್ಲಿ ಚೌಕ ಖಾಲಿ ಇತ್ತು. ನಾನು ಅದನ್ನು ಎತ್ತಿಕೊಂಡೆ. ಶಾಯಿಯಲ್ಲಿ 'ಎರಡು ದಿನ' ಎಂದು ಬರೆದಿದ್ದೇನೆ. ಈಗ ಅದು ನನ್ನದು.

ಪುಟಗಳನ್ನು ಬೇಕಾದಂತೆ ಕತ್ತರಿಸು. ನಾಟಕಶಾಲೆ ಹೋಗಲಿ, ಬೇಕರಿಯೂ ಹೋಗಲಿ. ತಂಗುವ ಜಾಗದ ಸಾಲನ್ನು ಮಾತ್ರ ಮುಟ್ಟಬೇಡ. ಯಾಕೆ ಎಂದು ಕೇಳಬೇಡ.

ಕಾಲಿಯೋವಾ


ಸುವಾ
2 ಜೂನ್ 1982

ಸೋತ ತೌವುಗೆ,

ಇದರ ಜೊತೆ ಐದು ಪ್ರತಿ ಕಳಿಸಿದ್ದೇನೆ. ಎರಡು ಸಾವಿರ ಅಚ್ಚಾಗಿವೆ. ಹದಿನಾಲ್ಕನೇ ಪುಟ ತೆರೆ.

ನನ್ನ ಚೌಕವನ್ನು ನೀನು ಎತ್ತಿಕೊಂಡೆ, ನಾನು ವಾಪಸು ಎತ್ತಿಕೊಂಡೆ. 'ಬೇಕಾಗುವ ಸಮಯ: ಅರ್ಧ ದಿನ.' ಚೆನ್ನಾಗಿ ಕಾಣುತ್ತದೆ ಅಲ್ಲವೆ? ಹಡಗಿನವರು ಅದನ್ನು ನೋಡಿ ವೇಳಾಪಟ್ಟಿ ಮಾಡಿದ್ದಾರೆ. ಪ್ರತಿ ಬುಧವಾರ ಬೆಳಗ್ಗೆ ಹತ್ತಕ್ಕೆ ನಿಮ್ಮ ಊರು ಮುಟ್ಟಿ, ಮಧ್ಯಾಹ್ನ ಎರಡಕ್ಕೆ ಹೊರಡುತ್ತದೆ.

ತಂಗುವ ಜಾಗದ ಸಾಲನ್ನು ಮುಟ್ಟಬೇಡ ಎಂದಿದ್ದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಅದನ್ನೇ ಎತ್ತಿದೆ. ತೌವುಗೆ ಮುಟ್ಟಬೇಡ ಎನ್ನುವುದು ಬಾಗಿಲು ತೆರೆದಿಟ್ಟು ತೋಟಕ್ಕೆ ಹೋದಂತೆ, ನಿನಗೆ ಗೊತ್ತಿಲ್ಲವೆ? ವಯಸ್ಸಾಯಿತು ನಿನಗೆ.

ನಿನ್ನ ಬೈಗುಳಕ್ಕೆ ಕಾಯುತ್ತಿದ್ದೇನೆ. ಒಳ್ಳೆಯದನ್ನೇ ಕಳಿಸು, ಕಚೇರಿಯವರೆಲ್ಲ ಕೇಳುತ್ತಿದ್ದಾರೆ.

ತೊರಿಕಾ


ಲೆವುಕಾ
19 ಜುಲೈ 1982

ಶ್ರೀಮತಿ ತೊರಿಕಾ ಅವರಿಗೆ,

ಮಾನ್ಯರೆ,

ನೀವು ಕಳುಹಿಸಿದ ಕೈಪಿಡಿಯ ಐದು ಪ್ರತಿಗಳು ತಲುಪಿವೆ. ಅಚ್ಚು ಸ್ಪಷ್ಟವಾಗಿದೆ. ಕಾಗದದ ಗುಣಮಟ್ಟವೂ ಉತ್ತಮವಾಗಿದೆ. ನಿಮ್ಮ ಶ್ರಮಕ್ಕೆ ಕೃತಜ್ಞನಾಗಿದ್ದೇನೆ.

ವಂದನೆಗಳೊಂದಿಗೆ,
ಕಾಲಿಯೋವಾ


ಸುವಾ
26 ಜುಲೈ 1982

ತೌವು,

ಏನಾಯಿತು?

ನಿನ್ನ ಪತ್ರವನ್ನು ಮೂರು ಸಲ ಓದಿದೆ, ಬೈಗುಳ ಎಲ್ಲಿ ಅಡಗಿಸಿದ್ದಾನೆ ಎಂದು. ಕಾಗದವನ್ನು ಬೆಳಕಿಗೆ ಹಿಡಿದೂ ನೋಡಿದೆ. ಅಮ್ಮನಿಗೆ ಓದಿ ಹೇಳಿದೆ. ಅವಳು ನೇಯುತ್ತಿದ್ದ ಚಾಪೆ ಬಿಟ್ಟು, "ವಂದನೆಗಳೊಂದಿಗೆ ಅಂತ ಬರ್ದಿದಾನಾ? ಯಾರು ಸತ್ರು ಕೇಳು" ಅಂದಳು.

ಕಾಯಿಲೆಯೆ? ಬಾಯಿ ಬಿದ್ದುಹೋಗಿದ್ದರೆ ಕೈಯಲ್ಲಾದರೂ ಬೈಯಬಹುದಲ್ಲ. ನಿನ್ನ ಊರು ಊರಲ್ಲ, ಬೆಟ್ಟದಿಂದ ಜಾರಿ ಬಿದ್ದ ಚಾಪೆ. ನಿಮ್ಮವರು ರಾಜಧಾನಿ ಕಳೆದುಕೊಂಡು, ಎಲ್ಲಿ ಇಟ್ಟೆವು ಎಂದು ನೂರು ವರ್ಷದಿಂದ ಮಂಚದ ಕೆಳಗೆ ಹುಡುಕುತ್ತಿದ್ದಾರೆ. ನೀನು ಪಾಠ ಹೇಳಿಕೊಟ್ಟ ಮಕ್ಕಳೆಲ್ಲ ಲೆಕ್ಕದಲ್ಲಿ ದಡ್ಡರು. ಸಾಕೆ? ಇದರಲ್ಲಿ ಯಾವುದಕ್ಕಾದರೂ ಉತ್ತರ ಕೊಡು.

ತೊರಿಕಾ


ಲೆವುಕಾ
10 ಆಗಸ್ಟ್ 1982

ಮಾನ್ಯರೆ,

ನಿಮ್ಮ ಪತ್ರ ತಲುಪಿತು. ನನ್ನ ಆರೋಗ್ಯ ಚೆನ್ನಾಗಿದೆ. ವಿಚಾರಿಸಿದ್ದಕ್ಕೆ ಧನ್ಯವಾದಗಳು.

ಬುಧವಾರದ ಹಡಗು ನಿಯಮಿತವಾಗಿ ಬರುತ್ತಿದೆ. ಪ್ರವಾಸಿಗಳು ಕೈಪಿಡಿ ಹಿಡಿದುಕೊಂಡು ಬೀದಿಯ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಾರೆ. ಕೈಗಡಿಯಾರ ನೋಡಿಕೊಂಡು ಎರಡಕ್ಕೆ ಮೊದಲೇ ಹಡಗು ಹತ್ತುತ್ತಾರೆ. ಯಾರೂ ತಡ ಮಾಡಿಲ್ಲ. ಕೈಪಿಡಿಯಲ್ಲಿ ಹೇಳಿದ ಸಮಯ ಸರಿಯಾಗಿಯೇ ಇದೆ.

ನನ್ನ ಮಗಳು ಕೆಲೆರಾ ಸೆಪ್ಟೆಂಬರ್ ಕೊನೆಯಲ್ಲಿ ಲೌಟೋಕಾದ ಹೋಟೆಲಿನ ಕೆಲಸಕ್ಕೆ ಮರಳುತ್ತಿದ್ದಾಳೆ. ಬೇರೆ ವಿಶೇಷವಿಲ್ಲ.

ವಂದನೆಗಳೊಂದಿಗೆ,
ಕಾಲಿಯೋವಾ


ಸುವಾ
11 ಸೆಪ್ಟೆಂಬರ್ 1982

ತೌವು,

ಇದು ಉದ್ದದ ಪತ್ರ. ಕುರ್ಚಿಗೆ ಬಣ್ಣ ಇಲ್ಲವೆಂದು ನೋಡಿಕೊಂಡು ಕೂತು ಓದು.

ನಿನ್ನ ಎರಡನೆಯ 'ಮಾನ್ಯರೆ' ಬಂದ ಮೇಲೆ ನನಗೆ ಕಚೇರಿಯಲ್ಲಿ ಕೂರಲಾಗಲಿಲ್ಲ. ಹೇಗೂ ಲೋರಿಮರ್ ಅವರಿಗೆ ಅರ್ಧ ದಿನ ಸಾಕೋ ಎಂದು ಸ್ವತಃ ಪರೀಕ್ಷಿಸಬೇಕಿತ್ತು. ಎಂಟನೇ ತಾರೀಕು ಬುಧವಾರ ಅವರ ಜೊತೆ ನಾನೂ ಹಡಗು ಹತ್ತಿದೆ. ಕಟ್ಟೆಯ ಮೇಲೆ ನೀನು ನಿಂತಿದ್ದೆ. ನಾನು ಹುಲ್ಲಿನ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, ಒಬ್ಬ ದಪ್ಪ ಜರ್ಮನ್ ಹೆಂಗಸಿನ ಹಿಂದೆ ಇಳಿದೆ. ನೀನು ಲೋರಿಮರ್ ಕೈ ಕುಲುಕಿ, ಸ್ವಾಗತ, ಪ್ರಯಾಣ ಸುಖಕರವಾಗಿತ್ತೆ ಎಂದು ಕೇಳುತ್ತಿದ್ದೆ. ಅಷ್ಟು ಸಭ್ಯನಾದ ನಿನ್ನನ್ನು ನೋಡಿ ನನಗೆ ಹೆದರಿಕೆಯಾಯಿತು.

ಸುಮ್ಮನೆ ನಡೆದೆ. ಮೆಟ್ಟಿಲುಗಳ ಬುಡಕ್ಕೆ ಬಂದಾಗ ನೀಲಿ ಬಾಗಿಲು ಕಂಡಿತು.

ತೌವು, ಅದು ಹೋಗಿದೆ ಎಂದುಕೊಂಡಿದ್ದೆ ನಾನು. ಮೂವತ್ತೊಂದು ಪುಟದಲ್ಲಿ ನೀನು ಬರೆದ ಮನೆಗಳೆಲ್ಲ ಹೋಗಿದ್ದವು. ಇದೊಂದು ಇದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಚಪ್ಪಲಿಗಳನ್ನು ಹೊರಗೆ ಬಿಟ್ಟು ಒಳಗೆ ಹೋದೆ. ಒಬ್ಬಳು ಮೇಜು ಒರೆಸುತ್ತಿದ್ದಳು.

"ಊಟಕ್ಕೆ ಬಂದ್ರಾ? ಹಡಗು ಎರಡಕ್ಕೆ ಹೋಗತ್ತೆ, ಬೇಗ ಬಡಿಸ್ತೀನಿ."

"ಊಟ ಬೇಡ. ಕೋಣೆ ಇದ್ಯಾ?"

ಅವಳು ಒರೆಸುವುದು ನಿಲ್ಲಿಸಿದಳು. "ಇದೆ. ನಾಲ್ಕೂ ಇದೆ. ಮೇ ತಿಂಗಳಲ್ಲಿ ಮನೆ ತೆರ್ದಾಗಿಂದ ನಾಲ್ಕೂ ಹಾಗೇ ಖಾಲಿ ಇದೆ."

ನಾನು ಕೊರೊದವಳು, ಸುವಾದಲ್ಲಿ ಕೈಪಿಡಿಯ ಕೆಲಸ ಎಂದೆ. ತಕ್ಷಣ 'ನೀವು' ಹೋಗಿ 'ನೀನು' ಬಂತು.

"ಓ, ಆ ಆಮೆ ನೀನೇನಾ? ಅಪ್ಪ ದಿನಾ ಊಟಕ್ಕೆ ಕೂತು ನಿನಗೆ ಹೊಸ ಬೈಗುಳ ಹುಡುಕ್ತಿದ್ದ. ಈಗ ಸುಮ್ಮನೆ ಉಣ್ತಾನೆ. ಅಮ್ಮಂಗೆ ಭಯ ಆಗಿದೆ."

"ನಿನ್ನ ಮನೆ ಅಂತ ನಂಗೊಂದು ಮಾತು ಹೇಳ್ಬಹುದಿತ್ತಲ್ಲ ಅವನು."

"ಹೇಳು ಅಂತ ನಾನೂ ಬಡ್ಕೊಂಡೆ. 'ತೌವು ಹತ್ರ ಯಾರಾದ್ರೂ ಕೇಳ್ತಾರಾ? ಬೇಕಾದ್ರೆ ಕಿತ್ಕೊಳ್ತಾರೆ' ಅಂದ. ಕಿತ್ಕೊಳಕ್ಕೆ ಹೋದ, ನೀನು ವಾಪಸ್ ಕಿತ್ಕೊಂಡೆ. ಈಗ ನಿನ್ನ ಮೇಲೆ ಸಿಟ್ಟು ಮಾಡೋ ಹಾಗಿಲ್ಲ, ಸಿಟ್ಟು ಹೋಗ್ತಾನೂ ಇಲ್ಲ. ಅದಕ್ಕೆ ಮರ್ಯಾದೆ ಕೊಡ್ತಿದಾನೆ."

ಮೂಲೆಯಲ್ಲಿ ಅವಳ ಪೆಟ್ಟಿಗೆ ಅರ್ಧ ತುಂಬಿತ್ತು. ಹಾಸಿಗೆಗಳು ನೀನು ಬರೆದಷ್ಟೇ ಶುಚಿಯಾಗಿದ್ದವು. ಯಾರೂ ಮಲಗದ ಹಾಸಿಗೆ ಶುಚಿಯಾಗಿರದೆ ಇನ್ನೇನು.

ನಿನ್ನ ಹತ್ತಿರ ಬಂದು ಕ್ಷಮಿಸು ಎನ್ನೋಣವೆ ಎಂದುಕೊಂಡೆ. ಆದರೆ ಕ್ಷಮೆ ಕೇಳಿದರೆ ನೀನು ಕೊಡುತ್ತೀಯ, ನಾನು ಉಪಕಾರವಾಯಿತು ಎನ್ನುತ್ತೇನೆ, ಅಲ್ಲಿಗೆ ನಾವಿಬ್ಬರೂ ಸಾಯುವವರೆಗೆ ಸಭ್ಯರಾಗಿ ಉಳಿಯುತ್ತೇವೆ. ಅದಾಗಬಾರದು. ತೌವು ಮಾಡಬಹುದಾದದ್ದು ಒಂದೇ.

ಹಡಗುಕಟ್ಟೆಯ ಪಕ್ಕದ ಚಪ್ಪರದಲ್ಲಿ ಹಡಗಿನ ನಾಯಕ ಸಕೆಯಾಸಿ ಯಾಂಗೋನಾ ಕುಡಿಯುತ್ತ ಕೂತಿದ್ದ. ನಿನ್ನ ದ್ವೀಪದವನೇ. ಅವನ ಟೋಪಿ ಮೊಳೆಗೆ ತೂಗುತ್ತಿತ್ತು. ಟೋಪಿಯ ಒಳಗೆ ಇಂಜಿನ್ನಿನ ಕೀಲಿಕೈ. ಎರಡನ್ನೂ ತೆಗೆದುಕೊಂಡು, ಅವನಿಗೆ ನಮಸ್ಕಾರ ಹೇಳಿ, ಮೂರನೇ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ.

ಮುಂದಿನದನ್ನು ಕಿಟಕಿಯಿಂದ ನೋಡಿದೆ, ಉಳಿದದ್ದನ್ನು ಕೆಲೆರಾ ತಂದು ಹೇಳಿದಳು. ಎರಡು ಗಂಟೆಗೆ ಇಪ್ಪತ್ತಾರು ಜನ ಹಡಗಿನಲ್ಲಿ ಕೂತಿದ್ದರು. ಸಕೆಯಾಸಿ ತನ್ನ ಜೇಬು, ಚಪ್ಪರ, ಯಾಂಗೋನಾದ ಪಾತ್ರೆ ಎಲ್ಲ ಹುಡುಕಿದ. ಕೀಲಿಕೈ ಯಾರ ಹತ್ತಿರ ಇದೆ ಎಂದು ಕೆಲೆರಾ ಹೋಗಿ ಹೇಳಿದಳು. ಅವನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟನಂತೆ. "ಕೊರೊದವಳು ತಗೊಂಡ್ಳಾ? ಹಾಗಾದ್ರೆ ಮುಗೀತು. ಅವಳಿಗೆ ಸಾಕು ಅನಿಸ್ದಾಗ ಕೊಡ್ತಾಳೆ" ಅಂದನಂತೆ. ಲೋರಿಮರ್ ಪೊಲೀಸರನ್ನು ಕರೆಸಿದರು. ಪೇದೆ ಬಂದು ವಿಷಯ ಕೇಳಿದ. ಅವನೂ ಒವಲೌದವನೇ. ನಕ್ಕು ನಕ್ಕು ಲಾಠಿ ನೀರಿಗೆ ಬೀಳಿಸಿಕೊಂಡ.

ಹೀಗೆ ಇಪ್ಪತ್ತಾರು ಜನ ನಿಮ್ಮ ಊರಲ್ಲಿ ಉಳಿದರು. ಎಂಟು ಮಂಚವೂ ತುಂಬಿದವು, ಮಿಕ್ಕವರನ್ನು ಊರಿನವರು ತಮ್ಮ ಮನೆಗಳಿಗೆ ಕರೆದೊಯ್ದರು. ನಾನು ನೆಲದ ಮೇಲೆ ಚಾಪೆ ಹಾಸಿಕೊಂಡೆ. ಲೋರಿಮರ್ ನಾಲ್ಕನೇ ಕೋಣೆಯಲ್ಲಿ ಕೆಲೆರಾ ಮಾಡಿದ ಮೀನನ್ನು ಎರಡು ಸಲ ಬಡಿಸಿಕೊಂಡರು. ಬೆಳಗ್ಗೆ ಆರಕ್ಕೆ ಚರ್ಚಿನ ಗಡಿಯಾರ ಹೊಡೆಯಿತು, ಒಂದು ನಿಮಿಷದ ಮೇಲೆ ಮತ್ತೆ ಹೊಡೆಯಿತು. ಪಕ್ಕದ ಕೋಣೆಯಲ್ಲಿ ಅವರು ಎದ್ದು ಕೂತು ಕೈಗಡಿಯಾರ ಅಲ್ಲಾಡಿಸಿದ್ದು ನನಗೆ ಗೋಡೆಯಾಚೆ ಕೇಳಿಸಿತು.

ಆಮೇಲೆ ನೀನು ಅವರನ್ನು ಸುತ್ತಿಸಲು ಕರೆದುಕೊಂಡು ಹೋದೆಯಂತೆ. ಹನ್ನೊಂದಕ್ಕೆ ನಾನು ಕೀಲಿಕೈಯನ್ನು ಮೊಳೆಗೆ ತಗುಲಿಸಿದೆ. (ಟೋಪಿ ಇಟ್ಟುಕೊಂಡೆ. ಚೆನ್ನಾಗಿ ಒಪ್ಪುತ್ತದೆ.) ಹಡಗಿನಲ್ಲಿ ಲೋರಿಮರ್ ಟಿಪ್ಪಣಿ ಪುಸ್ತಕ ತೆಗೆದು ಲೆಕ್ಕ ಹಾಕಿದರು. ಆಮೇಲೆ ಹೇಳಿದರು: "ಇಪ್ಪತ್ತೈದು ಗಂಟೆ. ಇನ್ನೂ ಹದಿನೇಳನೇ ಹೆಂಡದಂಗಡಿಯ ಹತ್ತಿರ ಇದ್ದೆವು."

ನಿನ್ನೆ ಅವರೇ ನನ್ನಿಂದ ಒಂದು ಚೀಟಿ ಬೆರಳಚ್ಚು ಮಾಡಿಸಿದರು. ಉಳಿದ ಸಾವಿರದ ನಾನೂರು ಪ್ರತಿಗಳಲ್ಲಿ ಹದಿನಾಲ್ಕನೇ ಪುಟದ ಚೌಕದ ಮೇಲೆ ಅಂಟಿಸುತ್ತಿದ್ದೇವೆ. 'ಬೇಕಾಗುವ ಸಮಯ: ಎರಡು ದಿನ. ತಂಗಲು: ಮೆಟ್ಟಿಲುಗಳ ಬುಡದಲ್ಲಿ ನೀಲಿ ಬಾಗಿಲಿನ ಮನೆ.' ಅದರ ಕೆಳಗೆ ಅವರಿಗೆ ತಿಳಿಯದಂತೆ ನಾನು ಒಂದು ಸಾಲು ಸೇರಿಸಿದ್ದೇನೆ: 'ಇಲ್ಲಿನವರು ಆಮೆಗಿಂತ ನಿಧಾನ. ಅವಸರವಿದ್ದವರು ಸುವಾದಲ್ಲೇ ಇರಬಹುದು.' ಹಡಗಿನವರೂ ಬುಧವಾರ ಬಂದು ಶುಕ್ರವಾರ ಹೊರಡಲು ಒಪ್ಪಿದ್ದಾರೆ.

ನಿಮ್ಮ ಊರಿನ ಬಗ್ಗೆ ಒಂದು ದೂರಿದೆ. ಗುರುವಾರ ಬೆಳಗ್ಗೆ ಬಾಗಿಲ ಹೊರಗೆ ನೋಡಿದರೆ ನನ್ನ ಚಪ್ಪಲಿಗಳಿರಲಿಲ್ಲ. ಕಪ್ಪು ಚರ್ಮದ್ದು, ಬಕಲ್ ಇರುವುದು, ಈ ವರ್ಷವೇ ಕೊಂಡದ್ದು. ಕೆಲೆರಾಳ ರಬ್ಬರ್ ಚಪ್ಪಲಿಯಲ್ಲಿ ರಾಜಧಾನಿಗೆ ವಾಪಸು ಬಂದೆ. ಕೈಪಿಡಿಯ ಮುಂದಿನ ಮುದ್ರಣದಲ್ಲಿ ಕಳ್ಳರ ಬಗ್ಗೆ ಎಚ್ಚರಿಕೆ ಹಾಕಬೇಕೆಂದಿದ್ದೇನೆ.

ನೀನು 'ಮಾನ್ಯರೆ' ಎಂದೇ ಉತ್ತರಿಸಿದರೆ ನಾನು ಮತ್ತೆ ಬರೆಯುವುದಿಲ್ಲ.

ತೊರಿಕಾ


ಲೆವುಕಾ
23 ಸೆಪ್ಟೆಂಬರ್ 1982

ನಾಚಿಕೆಗೆಟ್ಟ, ದಪ್ಪ ಚಿಪ್ಪಿನ, ಹಡಗುಗಳ್ಳಿ ಆಮೆಗೆ,

ನಿನ್ನ ಹುಲ್ಲಿನ ಟೋಪಿ ಯಾರ ಕಣ್ಣಿಗೆ ಮಣ್ಣೆರಚೀತು? ಜರ್ಮನ್ ಹೆಂಗಸಿನ ಹಿಂದೆ ಅಡಗಲು ಹೊರಟವಳು ಆ ಹೆಂಗಸಿಗಿಂತ ತೆಳ್ಳಗಿರಬೇಕು. ಅವಳ ಎಡಕ್ಕೂ ಬಲಕ್ಕೂ ನೀನೇ ಕಾಣುತ್ತಿದ್ದೆ. ನೋಡಿಯೂ ನೋಡದವನಂತೆ ಲೋರಿಮರ್ ಜೊತೆ ಪ್ರಯಾಣದ ಸುಖದುಃಖ ಮಾತಾಡಿದೆ. ಯಾಕೆ ಬಂದಳು, ಕ್ಷಮೆ ಕೇಳಲು ಬಂದಿದ್ದರೆ ಏನು ಗತಿ ಎಂದು ಇಡೀ ಬೆಳಗ್ಗೆ ನಿನ್ನ ಕಣ್ಣು ತಪ್ಪಿಸಿಕೊಂಡು ಓಡಾಡಿದೆ. ನೀನು ನನ್ನ ಕಡೆ ಎರಡು ಹೆಜ್ಜೆ ಇಟ್ಟಿದ್ದರೆ ನಾನು ಬೆಟ್ಟ ಹತ್ತಿ ಓಡುತ್ತಿದ್ದೆ.

ಎರಡು ಗಂಟೆಗೆ ಹಡಗು ಹೊರಡಲಿಲ್ಲ. ಸಕೆಯಾಸಿ ನನ್ನ ಹತ್ತಿರ ಬಂದು, "ಮಾಸ್ತರೇ, ನಿಮ್ಮ ಆಮೆ ನನ್ನ ಹಡಗು ತಿಂದ್ಬಿಟ್ಳು" ಅಂದ. ಆಗ ನನಗೆ ನಗು ಬಂತು. ಜೂನ್ ತಿಂಗಳಿಂದ ಬಂದಿರಲಿಲ್ಲ, ಹಾಗಾಗಿ ಬೇಗ ನಿಲ್ಲಲಿಲ್ಲ. ನನ್ನ ಹೆಂಡತಿ ವಸಿತಿ ಅಡುಗೆಮನೆಯಿಂದ ಓಡಿ ಬಂದು, ಗಂಡನಿಗೆ ಏನೋ ಆಯಿತು ಎಂದು ತಲೆಗೆ ನೀರು ಹಾಕಿದಳು.

ನೀನು ಮೂರನೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಹಾ ಗುಟ್ಟು ಕಾಯುತ್ತಿದ್ದಾಗ, ಮೂರು ಗಂಟೆಗೆ ನಾನು ಆ ಮನೆಯ ಮುಂದೆಯೇ ಹೋದೆ. ನೀಲಿ ಬಾಗಿಲಿನ ಮುಂದೆ ಇಪ್ಪತ್ತು ಜೊತೆ ಚಪ್ಪಲಿ ಬಿದ್ದಿದ್ದವು. ಅಷ್ಟು ಚಪ್ಪಲಿಗಳನ್ನು ಅಲ್ಲಿ ನೋಡಿ ಎರಡು ಸಲ ಎಣಿಸಿದೆ. ಬಕಲ್ ಇದ್ದ ಕಪ್ಪು ಜೊತೆ ಯಾರದ್ದೆಂದು ಕೇಳಬೇಕಾಗಿರಲಿಲ್ಲ, ಕಚೇರಿಯ ಹೆಂಗಸಿನ ಚಪ್ಪಲಿ ದೂರದಿಂದಲೇ ಗೊತ್ತಾಗುತ್ತದೆ. ಎತ್ತಿ ಕಂಕುಳಲ್ಲಿಟ್ಟುಕೊಂಡು ಬಂದೆ. ನೀನು ಬೆಳಗ್ಗೆ ಹುಡುಕಾಡಿದ್ದನ್ನು ಮಾವಿನ ಮರದ ಹಿಂದಿನಿಂದ ನೋಡಿದೆ. ಚೆನ್ನಾಗಿತ್ತು.

ನಿನ್ನ ಚೀಟಿಯ ಕೊನೆಯ ಸಾಲನ್ನು ಓದಿಕೊಂಡು ಬಂದವರು, ನಾವು ನಿಜವಾಗಿ ಆಮೆಗಿಂತ ನಿಧಾನವೇ ಎಂದು ಕೇಳುತ್ತಾರೆ. ನಿಂತು ನಿಧಾನವಾಗಿ ಉತ್ತರ ಹೇಳುತ್ತೇನೆ. ನಿನ್ನೆ ಬಂದವರಲ್ಲಿ ಆರು ಜನ ಕೆಲೆರಾಳ ಮನೆಗೇ ನೇರವಾಗಿ ಹೋದರು. ಐದನೇ ಕೋಣೆ ಮಾಡಲು ಅವಳು ಅಲ್ಲೇ ಇರುವ ನನ್ನ ಪುಸ್ತಕದ ಕೋಣೆಯನ್ನು ಅಳೆಯುತ್ತಿದ್ದಾಳೆ. ಪುಸ್ತಕಗಳನ್ನು ಎಲ್ಲಿಡಲಿ ಎಂದರೆ, ಸುವಾದ ಆಮೆಯ ಮನೆಯಲ್ಲಿಡು ಅನ್ನುತ್ತಾಳೆ. ಅವಳ ಪೆಟ್ಟಿಗೆ ಖಾಲಿಯಾಗಿ ಬೀರುವಿನ ಮೇಲೆ ಕೂತಿದೆ. ಲೌಟೋಕಾದವರಿಗೆ ಬರುವುದಿಲ್ಲ ಎಂದು ಬರೆದಳು. ಆ ಪತ್ರವನ್ನು ಅಂಚೆಗೆ ಹಾಕಲು ನಾನೇ ಹೋದೆ, ಬೇರೆಯವರ ಕೈಗೆ ಕೊಡಲಿಲ್ಲ.

ನಿನ್ನ ಚಪ್ಪಲಿ ಕೇಳಿ ಪ್ರಯೋಜನವಿಲ್ಲ. ಬುಧವಾರದ ಹಡಗಿಗೆ ಜನರನ್ನು ಎದುರುಗೊಳ್ಳಲು ಕೆಲೆರಾ ಅದನ್ನೇ ಹಾಕಿಕೊಂಡು ಹೋಗುತ್ತಾಳೆ. ನಿನ್ನ ಪಾದ ಹಲಗೆಯಂಥದ್ದು, ಅವಳಿಗೆ ಅರ್ಧ ಅಂಗುಲ ದೊಡ್ಡದಾಗುತ್ತದೆ, ವೇಗವಾಗಿ ನಡೆಯಲು ಬರುವುದಿಲ್ಲ. ಬೇರೆ ಕೊಂಡುಕೋ ಎಂದೆ. 'ಇಲ್ಲೇ ಇರೋಳಿಗೆ ಅವಸರ ಏನಪ್ಪಾ' ಅಂದಳು.

ಕಾಲಿಯೋವಾ